ನಾಯಿಯನ್ನು ಶೆಲ್ಟರ್‌ಗೆ ಬಿಡುವ ಮುಂಚೆ, ಅಲ್ಲಿಂದ ತರುವ ಮುಂಚೆ

ಸಾಕುಪ್ರಾಣಿಗಳ ಬಗ್ಗೆ ಪ್ರಶ್ನೆ ಕಳಿಸಿ ಅಂದಿದ್ದೆವು. ಬಂದವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಶೆಲ್ಟರ್, ಅಂದರೆ ದಿಕ್ಕಿಲ್ಲದ ಪ್ರಾಣಿಗಳ ಆಶ್ರಯತಾಣದ ಬಗ್ಗೆಯೇ ಇದ್ದವು. ಉತ್ತರ ಕೊಟ್ಟವರು ಕಲಬುರಗಿ ಊರಾಚೆಯ ಒಂದು ಸಣ್ಣ ಶೆಲ್ಟರ್‌ನಲ್ಲಿ ವಾರಕ್ಕೆ ಮೂರು ದಿನ ಚಿಕಿತ್ಸೆ ನೀಡುವ ಪಶುವೈದ್ಯರು.

ಪ್ರಶ್ನೆ: ನನಗೆ ಬೆಂಗಳೂರಿಗೆ ವರ್ಗವಾಗಿದೆ. ಅಲ್ಲಿ ಇರಬೇಕಾದದ್ದು ಅಪಾರ್ಟ್‌ಮೆಂಟ್‌ನಲ್ಲಿ. ನಮ್ಮ ಲ್ಯಾಬ್ರಡಾರ್‌ಗೆ ಆರು ವರ್ಷ. ನಿಮ್ಮಲ್ಲಿ ಪ್ರಾಣಿಗಳನ್ನು ಕೊಲ್ಲುವುದಿಲ್ಲ ಅಂತ ಕೇಳಿದೆ. ಅದಕ್ಕೇ ನಿಮ್ಮಲ್ಲಿ ಬಿಟ್ಟು ಹೋಗೋಣ ಅಂತಿದ್ದೇನೆ. ಖರ್ಚಿಗೂ ಕೊಡುತ್ತೇನೆ. ಯಾವಾಗ ಕರೆತರಲಿ?
(ಸರ್ಕಾರಿ ನೌಕರ, ಕಲಬುರಗಿ)

ಉತ್ತರ: ಸರ್, ಸದ್ಯಕ್ಕೆ ಕರೆತರಬೇಡಿ. ಬೇಜಾರಾಗಬೇಡಿ, ಯಾಕೆ ಅಂತ ಹೇಳುತ್ತೇನೆ.

'ಕೊಲ್ಲದ ಶೆಲ್ಟರ್' ಅಂದರೆ ಇಷ್ಟೇ: ಜಾಗ ಸಾಲದು ಅನ್ನುವ ಕಾರಣಕ್ಕೆ ಪ್ರಾಣಿಯನ್ನು ಸಾಯಿಸುವುದಿಲ್ಲ. ಎಷ್ಟು ಬಂದರೂ ಜಾಗ ಇದೆ ಅಂತ ಅದರ ಅರ್ಥ ಅಲ್ಲ. ಈ ಮಾತು ಬಂದದ್ದು ಅಮೆರಿಕದಿಂದ. ಅಲ್ಲಿ ಯಾರೂ ಒಯ್ಯದ ಗಟ್ಟಿಮುಟ್ಟಾದ ನಾಯಿಗಳನ್ನೂ ಸಾಯಿಸುವ ಪದ್ಧತಿ ಇತ್ತು. 1994ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಗರಾಡಳಿತವೂ ಅಲ್ಲಿನ ಪ್ರಾಣಿದಯಾ ಸಂಘವೂ ಒಂದು ಒಪ್ಪಂದಕ್ಕೆ ಬಂದವು. ಮನೆಗೆ ಕೊಡಬಹುದಾದ ಒಂದು ನಾಯಿಯನ್ನೂ, ಒಂದು ಬೆಕ್ಕನ್ನೂ ಸಾಯಿಸಬಾರದು ಅಂತ. ಈಗ ಅಲ್ಲಿ ನೂರಕ್ಕೆ ತೊಂಬತ್ತಾದರೂ ಬದುಕಿ ಹೊರಹೋದರೆ ಆ ಶೆಲ್ಟರ್‌ಗೆ ಈ ಹೆಸರು ಸಲ್ಲುತ್ತದೆ.

ನಮ್ಮ ದೇಶದ ಕತೆ ಬೇರೆ. ಇಲ್ಲಿ ಆರೋಗ್ಯವಾಗಿರುವ ಬೀದಿನಾಯಿಯನ್ನು ಕೊಲ್ಲಲು ನಿಯಮವೇ ಬಿಡುವುದಿಲ್ಲ. ಮರಿಯಾಗದ ಹಾಗೆ ಆಪರೇಷನ್ ಮಾಡಿ, ಲಸಿಕೆ ಮುಗಿಸಿ ಹಿಡಿದ ಜಾಗಕ್ಕೇ ವಾಪಸ್ ಬಿಡಬೇಕು ಅನ್ನುತ್ತದೆ 2023ರ ಸಂತಾನ ನಿಯಂತ್ರಣ ನಿಯಮ. (ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಂಥ ಜಾಗಗಳಿಗೆ ಮಾತ್ರ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಬೇರೆ ಆದೇಶ ಕೊಟ್ಟಿದೆ.) ಹಾಗಾಗಿ ನಮ್ಮ ಭಯ ತುಂಬಿ ತುಳುಕುವುದರದು. ಇಲ್ಲ ಅನ್ನಲು ಬಾರದ ಶೆಲ್ಟರ್‌ನಲ್ಲಿ ಒಂದು ಗೂಡಿಗೆ ಐದು ನಾಯಿ ಬೀಳುತ್ತವೆ. ಅನ್ನದ ತಟ್ಟೆಗೆ ಜಗಳ. ಒಂದು ಮರಿಗೆ ಪಾರ್ವೊ ಅನ್ನುವ ಅಂಟುರೋಗ ಬಂದರೆ ವಾರದಲ್ಲಿ ಸಾಲು ಸಾಲು ಮರಿ ರಕ್ತಭೇದಿಯಿಂದ ಹೋಗುತ್ತವೆ. ಸೂಜಿ ಚುಚ್ಚದೆಯೂ ಕೊಂದ ಹಾಗೇ ಅಲ್ವಾ?

ಇನ್ನು ನಿಮ್ಮ ಲ್ಯಾಬ್ರಡಾರ್ ಮಾತು. ಮನೆಯಲ್ಲಿ ಬೆಳೆದ ನಾಯಿಗೆ ಶೆಲ್ಟರ್ ಜೈಲಿನ ಥರ. ಹೋದ ವರ್ಷ ನಿಮ್ಮದೇ ಪರಿಸ್ಥಿತಿಯಲ್ಲಿ ಒಂದು ಬಂತು. ಅದರ ಯಜಮಾನರ ಹತ್ತಿರ ಆಕ್ಟಿವಾ ಇತ್ತಂತೆ. ಗೇಟಿನಾಚೆ ಆಕ್ಟಿವಾ ಸದ್ದು ಬಂದರೆ ಎದ್ದು ನಿಲ್ಲುತ್ತಿತ್ತು. ಬುಲೆಟ್ ಬಂದರೆ ತಲೆಯೂ ಎತ್ತುತ್ತಿರಲಿಲ್ಲ. ಮೂರನೇ ವಾರದಿಂದ ಮುಂಗಾಲನ್ನು ನೆಕ್ಕತೊಡಗಿತು. ನೆಕ್ಕಿ ನೆಕ್ಕಿ ರೂಪಾಯಿ ನಾಣ್ಯದಷ್ಟು ಅಗಲ ಕೂದಲು ಹೋಗಿ ಹುಣ್ಣಾಯಿತು. ಮುಲಾಮು ಹಚ್ಚಿದೆವು, ನೆಕ್ಕದ ಹಾಗೆ ಕೊರಳಿಗೆ ಪ್ಲಾಸ್ಟಿಕ್ ಕೋನ್ ಹಾಕಿದೆವು. ಹುಣ್ಣು ಮಾಯ್ದದ್ದು ಮಾತ್ರ ಆಳಂದ ರಸ್ತೆಯ ಒಂದು ಮನೆಗೆ ಹೋದ ಮೇಲೆ.

ಹಾಗಾದರೆ ಏನು ಮಾಡಬೇಕು? ಮೊದಲು, ಜೊತೆಗೇ ಕರೆದುಕೊಂಡು ಹೋಗಲು ನೋಡಿ. ಅಪಾರ್ಟ್‌ಮೆಂಟ್ ಸಂಘದವರು ನಾಯಿ ಸಾಕಬಾರದು ಅಂತ ನಿಷೇಧ ಹಾಕುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ತಿಳಿಸಿದೆ. ಮನೆ ಮಾಲೀಕರನ್ನು ಮಾತ್ರ ನೀವೇ ಒಪ್ಪಿಸಿಕೊಳ್ಳಬೇಕು. ರೈಲಿನಲ್ಲಿ ಫಸ್ಟ್ ಎಸಿ ಕೂಪೆ ಪೂರ್ತಿ ನಿಮ್ಮದೇ ಆದರೆ ನಾಯಿ ನಿಮ್ಮ ಜೊತೆಗೇ ಬರಬಹುದು. ಲ್ಯಾಬ್ರಡಾರ್‌ಗೆ ದಿನಕ್ಕೆರಡು ಸಲ ಓಡಾಟ ಇದ್ದರೆ ಎರಡು ಕೋಣೆಯ ಮನೆಯೂ ಸಾಕು.

ಅದು ಆಗೋದೇ ಇಲ್ಲ ಅಂದರೆ ನಮಗೆ ಆರು ವಾರ ಕೊಡಿ. ನಾಯಿ ನಿಮ್ಮ ಮನೆಯಲ್ಲೇ ಇರಲಿ, ಹೊಸ ಮನೆ ನಾವು ಹುಡುಕುತ್ತೇವೆ. ಸೋಫಾ ಮೇಲೆ ಕಾಲು ಚಾಚಿ ಮಲಗಿರುವ ಫೋಟೊ ಕಳಿಸಿ. ಗೂಡಿನೊಳಗಿನ ಫೋಟೊ ನೋಡಿ ಯಾರೂ ನಾಯಿ ಒಯ್ಯುವುದಿಲ್ಲ. ಲಸಿಕೆ ಕಾರ್ಡ್ ಬೇಕು. ಅದರ ಕೆಟ್ಟ ಚಾಳಿಯನ್ನೂ ಬರೆಯಿರಿ. ಚಪ್ಪಲಿ ಕಚ್ಚುತ್ತೆ, ಪಟಾಕಿಗೆ ಹೆದರಿ ಬಚ್ಚಲಿಗೆ ಓಡುತ್ತೆ, ಎಲ್ಲಾ. ಗೊತ್ತಿದ್ದು ಒಯ್ದವರು ವಾಪಸ್ ತರುವುದು ಕಡಿಮೆ.

ರಿಂಗ್ ರೋಡಿನಲ್ಲಿ ಇಳಿಸಿ ಹೋಗುವವರೂ ಇದ್ದಾರೆ. ನೀವು ಅಂಥವರಲ್ಲ, ಪತ್ರ ಬರೆದಿದ್ದೀರಿ. ಆದರೂ ಓದುವ ಬೇರೆಯವರಿಗೆ ಹೇಳಿಬಿಡುತ್ತೇನೆ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ! ಇದಕ್ಕೆ ಯಾರು ಹೆದರುತ್ತಾರೆ ಅಂತ ನನಗೂ ಗೊತ್ತು.

ಖರ್ಚಿಗೆ ಕೊಡುತ್ತೇನೆ ಅಂದಿದ್ದೀರಿ, ಸಂತೋಷ. ಆದರೆ ನಮಗೆ ದುಡ್ಡಿಗಿಂತ ಜಾಸ್ತಿ ಕೊರತೆ ಇರುವುದು ಕೈಗಳದು. ಗೂಡು ತೊಳೆಯಲು, ವಾಕಿಂಗ್ ಮಾಡಿಸಲು, ಔಷಧಿ ಹಾಕಲು ಇರುವವರು ಮೂರೇ ಜನ.

ಪ್ರಶ್ನೆ: ಮರಿ ಬೇಕು ಅಂತ ಶೆಲ್ಟರ್‌ಗೆ ಹೋದೆ. ಮನೆ ಮಾಲೀಕರ ಪತ್ರ ತನ್ನಿ ಅಂದರು. ಆಮೇಲೆ ಇಬ್ಬರು ರೂಮಿಗೇ ಬಂದು ಹೆಣ್ಣು ನೋಡೋಕೆ ಬಂದವರ ಹಾಗೆ ಎಲ್ಲಾ ನೋಡಿದರು. ಕೊನೆಗೆ 'ಈಗ ಬೇಡ' ಅಂದರು. ಬೀದಿ ಮರಿಗೆ ಇಷ್ಟೆಲ್ಲಾ ಯಾಕೆ? ಬೀದಿಯಿಂದಲೇ ಒಂದು ಎತ್ತಿಕೊಂಡು ಬಂದರೆ ಯಾರು ಕೇಳುತ್ತಾರೆ?
(ಎಂಜಿನಿಯರಿಂಗ್ ವಿದ್ಯಾರ್ಥಿ, ಸೇಡಂ ರಸ್ತೆ)

ಉತ್ತರ: ಹೆಣ್ಣು ನೋಡುವ ಹೋಲಿಕೆ ಓದಿ ನಕ್ಕೆ. ನೀವು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ, ಕೆಲವು ಕಡೆ ವಿಚಾರಣೆ ಅತಿಯಾಗುತ್ತದೆ. ಆದರೆ ಆ ಮರಿ ನಿಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅದರ ಹಿಂದೆ ಎಷ್ಟು ಕೆಲಸ ಆಗಿರುತ್ತದೆ ನೋಡಿ.

ಬಂದ ದಿನ ತೂಕ, ಜ್ವರ, ಮೈಮೇಲಿನ ಉಣ್ಣೆ (ರಕ್ತ ಹೀರುವ ಹುಳ) ನೋಡುತ್ತೇವೆ. ನಮ್ಮ ಭಾಗದಲ್ಲಿ ಉಣ್ಣೆಯದ್ದೇ ದೊಡ್ಡ ಕಾಟ. ನಾಯಿ ಮೈಮೇಲಿನದ್ದು ತೆಗೆದರೆ ಮುಗಿಯಿತು ಅಂದುಕೊಳ್ಳುತ್ತಾರೆ. ಅದು ಗೋಡೆ ಬಿರುಕಿನಲ್ಲಿ, ಫರಸಿ ಕಲ್ಲಿನ ಸಂದಿನಲ್ಲಿ ಮೊಟ್ಟೆ ಇಟ್ಟಿರುತ್ತದೆ. ಉಣ್ಣೆ ಜ್ವರ ಹತ್ತಿದರೆ ಒಸಡು ಬಿಳಚುತ್ತದೆ, ಮೂಗಲ್ಲಿ ರಕ್ತ ಬರಬಹುದು, ತಿಂಗಳ ತನಕ ಗುಳಿಗೆ ನುಂಗಿಸಬೇಕು. ಹೊಸದನ್ನು ಎರಡು ವಾರ ಬೇರೆ ಇಡುತ್ತೇವೆ. ಅದನ್ನು ನೋಡಿಕೊಳ್ಳುವವರ ಚಪ್ಪಲಿಯೂ ಬೇರೆ, ಬಕೆಟ್ಟೂ ಬೇರೆ. ಪಾರ್ವೊ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಫಿನಾಯಿಲ್‌ಗೆಲ್ಲಾ ಬಗ್ಗುವುದಿಲ್ಲ, ಬ್ಲೀಚೇ ಬೇಕು. ಆಮೇಲೆ ಜಂತಿನ ಔಷಧಿ. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಮೂರು-ನಾಲ್ಕು ವಾರಕ್ಕೊಮ್ಮೆ ಮತ್ತೆ, ಮೂರು ತಿಂಗಳಿಗೆ ರೇಬಿಸ್ ಲಸಿಕೆ. ಇಷ್ಟರ ನಡುವೆ ಅದರ ಸ್ವಭಾವ ಗೊತ್ತಾಗುತ್ತದೆ. ಯಾವುದು ಮಕ್ಕಳ ಕಂಡರೆ ಹಾರುತ್ತದೆ, ಯಾವುದು ಪೊರಕೆ ಕಂಡರೆ ಉಚ್ಚೆ ಹೊಯ್ದುಕೊಳ್ಳುತ್ತದೆ ಅಂತ.

ಮನೆ ನೋಡುವುದು ಯಾಕೆ ಅಂದರೆ, ಒಂದು ಮೇ ತಿಂಗಳ ಮಧ್ಯಾಹ್ನ ಒಂದು ಹಸ್ಕಿ ಬಂತು. ಹಿಮದ ನಾಡಿನ ನಾಯಿ, ಕಲಬುರಗಿಯ ತಗಡಿನ ಶೆಡ್ಡಿನ ಕೆಳಗೆ ಸರಪಳಿಯಲ್ಲಿತ್ತು. ನಾಯಿಯ ಮೈಬಿಸಿ ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಚಿಲ್ಲರೆ. ಇದಕ್ಕೆ 41 ದಾಟಿತ್ತು. ನಾಲಿಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ತಣ್ಣೀರು ಸುರಿದು, ಹೊಟ್ಟೆ ತೊಡೆಗಳನ್ನು ಒದ್ದೆ ಮಾಡಿ, ಫ್ಯಾನ್ ಹಚ್ಚಿ ಒಂದು ತಾಸು ಕೂತೆವು. ಬದುಕಿತು. ಅದರ ಯಜಮಾನರು ಕೆಟ್ಟವರಲ್ಲ. ಶೆಡ್ಡು ನೆರಳು ಅಂದುಕೊಂಡಿದ್ದರು, ಅಷ್ಟೇ. ಅವತ್ತಿನಿಂದ ನಾವು ಮೊದಲು ನೋಡುವುದು ಮಧ್ಯಾಹ್ನ ಎರಡು ಗಂಟೆಗೆ ನಾಯಿ ಎಲ್ಲಿ ಮಲಗುತ್ತದೆ ಅನ್ನುವುದನ್ನು. ಆಮೇಲೆ ಗೇಟಿನ ಸಂದು, ಮಾಳಿಗೆಯ ಗೋಡೆ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುವ ಊರು ನಮ್ಮದು. ಗೋಡೆ ಇಲ್ಲದ ಮಾಳಿಗೆಯಿಂದ ಬಿದ್ದ ಮರಿಗಳ ಕಾಲಿಗೆ ನಾನೇ ಪಟ್ಟಿ ಕಟ್ಟಿದ್ದೇನೆ.

ನಿಮಗೆ ಬೇಡ ಅಂದದ್ದಕ್ಕೆ ಕಾರಣ ನನ್ನ ಊಹೆ: ನೀವು ಇನ್ನೆರಡು ವರ್ಷಕ್ಕೆ ಪುಣೆಗೋ ಹೈದರಾಬಾದ್‌ಗೋ ಹೋಗುತ್ತೀರಿ. ನಾಯಿ ಹನ್ನೆರಡು ಹದಿಮೂರು ವರ್ಷ ಬದುಕುತ್ತದೆ. ಬೀದಿಯಿಂದ ಎತ್ತಿಕೊಂಡು ಬಂದರೆ ಯಾರೂ ಕೇಳುವುದಿಲ್ಲ, ನಿಜ. ಬಿಟ್ಟು ಹೋದಾಗಲೂ ಯಾರೂ ಕೇಳುವುದಿಲ್ಲ. ಆಗ ಅದು ಬರುವುದು ನಮ್ಮ ಹತ್ತಿರ.

ಒಂದು ದಾರಿ ಇದೆ. ಪರೀಕ್ಷೆ ಇಲ್ಲದ ತಿಂಗಳಲ್ಲಿ ಮೂರು ವಾರ ಒಂದು ಮರಿಯನ್ನು ರೂಮಿನಲ್ಲಿ ಇಟ್ಟುಕೊಳ್ಳಿ. ಊಟ, ಔಷಧಿ ನಮ್ಮದು. ಮನೆಯ ಸದ್ದು ಕೇಳಿ ಬೆಳೆದ ಮರಿ ಮಿಕ್ಸರ್‌ಗೆ, ಕುಕ್ಕರ್ ಸೀಟಿಗೆ ಹೆದರುವುದಿಲ್ಲ, ಬೇಗ ಮನೆ ಸೇರುತ್ತದೆ. ಹೀಗೆ ಇಟ್ಟುಕೊಂಡವರಲ್ಲಿ ಕೆಲವರು ವಾಪಸ್ ಕೊಡುವಾಗ ಅತ್ತು ಅಮ್ಮನಿಗೆ ಫೋನ್ ಮಾಡಿ ಊರಿಗೇ ಒಯ್ದಿದ್ದೂ ಉಂಟು.

ಪ್ರಶ್ನೆ: ಶೆಲ್ಟರ್‌ನಿಂದ ಎರಡು ವರ್ಷದ ಹೆಣ್ಣು ನಾಯಿ ತಂದು ಐದು ದಿನ ಆಯಿತು. ಮಂಚದ ಕೆಳಗಿಂದ ಹೊರಗೇ ಬರುವುದಿಲ್ಲ. ಜೋಳದ ರೊಟ್ಟಿ ಮೂಸಿಯೂ ನೋಡಲಿಲ್ಲ, ಬಿಸ್ಕತ್ ಮಾತ್ರ ತಿನ್ನುತ್ತದೆ. ನಿನ್ನೆ ನಮ್ಮ ಮನೆಯವರನ್ನು ಕಂಡು ಗುರ್ ಅಂತು. ವಾಪಸ್ ಬಿಟ್ಟು ಬಾ ಅಂತಿದ್ದಾರೆ.
(ಗೃಹಿಣಿ, ಶಹಾಬಾದ್)

ಉತ್ತರ: ಅಕ್ಕಾ, ಐದು ದಿನ ಏನೂ ಅಲ್ಲ. ನಾವು ಒಂದು ಲೆಕ್ಕ ಹೇಳುತ್ತೇವೆ: ಗಾಬರಿ ಇಳಿಯಲು ಮೂರು ದಿನ, ಮನೆಯ ಪದ್ಧತಿ ತಿಳಿಯಲು ಮೂರು ವಾರ, ಇದು ನನ್ನ ಮನೆ ಅನ್ನಿಸಲು ಮೂರು ತಿಂಗಳು. ಕೆಲವಕ್ಕೆ ಇನ್ನೂ ಜಾಸ್ತಿ.

ಮಂಚದ ಕೆಳಗೆ ಇರಲಿ ಬಿಡಿ. ಎಳೆಯಬೇಡಿ, ಕೈ ಹಾಕಬೇಡಿ. ಅಲ್ಲೇ ಒಂದು ಹಳೇ ಕೌದಿ ಹಾಸಿ, ನೀರಿಡಿ. ಶೆಲ್ಟರ್‌ನಲ್ಲಿ ಅದು ಸಂಜೆ ಅನ್ನ, ಬೇಯಿಸಿದ ಕೋಳಿ, ಚಿಟಿಕೆ ಅರಿಶಿನ ಹಾಕಿದ್ದು ತಿನ್ನುತ್ತಿತ್ತು. ಒಂದು ವಾರ ಅದನ್ನೇ ಅದೇ ಹೊತ್ತಿಗೆ ಕೊಡಿ. ಆಮೇಲೆ ರೊಟ್ಟಿ ಪುಡಿ ಮಾಡಿ ಕೋಳಿ ಬೇಯಿಸಿದ ನೀರಲ್ಲಿ ನೆನೆಸಿ ಸ್ವಲ್ಪ ಸ್ವಲ್ಪ ಬೆರೆಸಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಮಾತ್ರ ಬೇಡ, ನಾಯಿಯ ರಕ್ತಕ್ಕೆ ಕೆಟ್ಟದ್ದು. ಬಿಸ್ಕತ್ ನಿಲ್ಲಿಸಿ.

ನಿಮ್ಮ ಮನೆಯವರು ದಿನಾ ಸಂಜೆ ಹತ್ತು ನಿಮಿಷ ನೆಲದ ಮೇಲೆ, ಅದಕ್ಕೆ ಬೆನ್ನು ಮಾಡಿ ಕೂರಲಿ. ಟಿವಿ ನೋಡಲಿ, ಪೇಪರ್ ಓದಲಿ. ಆಗಾಗ ಬೇಯಿಸಿದ ಮೊಟ್ಟೆಯ ಚೂರನ್ನು ಹಿಂದಕ್ಕೆ ಎಸೆಯಲಿ. ಮಾತಾಡಿಸಬಾರದು, ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ಗುರ್ ಅಂದದ್ದಕ್ಕೆ ಬೈಯಲೂ ಬಾರದು. ಅದು 'ದೂರ ಇರಿ' ಅಂತ ಹೇಳುವ ಮಾತು. ಗುರ್ ಅನ್ನುವುದನ್ನು ಬಿಡಿಸಿದರೆ ಮುಂದಿನ ಸಲ ಹೇಳದೇ ಕಚ್ಚುತ್ತದೆ.

ಎರಡು ದಿನ ಏನೂ ತಿನ್ನದಿದ್ದರೆ, ನೀರು ಬಿಟ್ಟರೆ, ವಾಂತಿಯಾದರೆ ತಕ್ಷಣ ಕರೆತನ್ನಿ. ಮೂರು ವಾರವಾದರೂ ಆಗಲಿಲ್ಲ ಅಂದರೆ ವಾಪಸ್ ಕೊಡಿ, ನಾವು ಮುಖ ಗಂಟಿಕ್ಕುವುದಿಲ್ಲ. ನೀವು ಕಂಡದ್ದನ್ನೆಲ್ಲ ಅದರ ಪುಸ್ತಕದಲ್ಲಿ ಬರೆದುಕೊಂಡು, ಗಂಡಸರ ಓಡಾಟ ಕಡಿಮೆ ಇರುವ ಮನೆ ಹುಡುಕುತ್ತೇವೆ.

ಪ್ರಶ್ನೆ: ಒಂದು ಸಲ ಮರಿ ಹಾಕಿಸಿ ಆಮೇಲೆ ಆಪರೇಷನ್ ಮಾಡಿಸಿದರೆ ನಾಯಿಗೆ ಒಳ್ಳೆಯದು ಅಂತಾರೆ. ಹೌದಾ?
(ಅಂಗಡಿ ಮಾಲೀಕ, ಜೇವರ್ಗಿ)

ಉತ್ತರ: ಇಲ್ಲ. ಮೊದಲ ಬೆದೆಗೆ ಮುಂಚೆ ಮಾಡಿಸಿದರೆ ಮೊಲೆಯ ಗಡ್ಡೆ ಬರುವುದು ತುಂಬಾ ಕಡಿಮೆ. ಗರ್ಭಕೋಶಕ್ಕೆ ಕೀವು ತುಂಬುವ ರೋಗದ ಮಾತೇ ಇಲ್ಲ. ಮರಿ ಹಾಕಿಸುವುದಾದರೆ, ಹೆಚ್ಚುಕಡಿಮೆ 63 ದಿನಕ್ಕೆ ಐದಾರು ಮರಿ. ಅವುಗಳಿಗೆ ಐದಾರು ಮನೆ ಈಗಲೇ ಗೊತ್ತು ಮಾಡಿಕೊಂಡಿದ್ದೀರಾ?

ಪ್ರಶ್ನೆ: ಖರೆ ಹೇಳಿ ಡಾಕ್ಟ್ರೇ, ಕೊಲ್ಲದ ಶೆಲ್ಟರ್ ಅಂತೀರಿ. ನೀವು ಒಂದನ್ನೂ ಸಾಯಿಸಿಲ್ಲವಾ?
(ಶಿಕ್ಷಕ, ಯಾದಗಿರಿ)

ಉತ್ತರ: ಸಾಯಿಸಿದ್ದೇನೆ. ವಾಸಿಯಾಗದ ರೋಗ, ಸಾಯುವಂಥ ಗಾಯ ಇದ್ದರೆ ವೈದ್ಯರು ನೋವಿಲ್ಲದ ಸಾವು ಕೊಡಲು ನಿಯಮದಲ್ಲೂ ಅವಕಾಶ ಇದೆ.

ಲಾರಿ ಕೆಳಗೆ ಸಿಕ್ಕ ಒಂದು ನಾಯಿ ನೆನಪಿದೆ. ಬೆನ್ನು ಮುರಿದಿತ್ತು. ಬೆನ್ನು ಮುರಿದದ್ದಷ್ಟೇ ಆಗಿದ್ದರೆ ಬೇರೆ ಮಾತು. ಹಿಂಗಾಲಿಲ್ಲದೆ ಗಾಲಿ ಕಟ್ಟಿಸಿಕೊಂಡು ಖುಷಿಯಾಗಿ ಓಡಾಡುವ ನಾಯಿಗಳಿವೆ. ಇದಕ್ಕೆ ಹೊಟ್ಟೆಯೊಳಗೂ ಒಡೆದಿತ್ತು. ನೋವಿನ ಔಷಧಿಗೆ ನಾಲ್ಕು ತಾಸು ಕಾದೆವು, ಹಿಡಿತಕ್ಕೆ ಬರಲಿಲ್ಲ. ನಾನೊಬ್ಬನೇ ತೀರ್ಮಾನ ಮಾಡುವುದಿಲ್ಲ. ದಿನಾ ಅನ್ನ ಹಾಕುವವರೂ ಒಪ್ಪಬೇಕು. ಮೊದಲು ನಿದ್ದೆಯ ಇಂಜೆಕ್ಷನ್, ಅದು ಪೂರ್ತಿ ಹತ್ತಿದ ಮೇಲೆ ಎರಡನೆಯದು. ತಲೆ ಹಿಡಿದುಕೊಂಡಿದ್ದ ನಮ್ಮ ಕೆಲಸದವರು ಅವತ್ತು ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಆರಕ್ಕೆ ಬಂದು ಉಳಿದವುಗಳ ಗೂಡು ತೊಳೆದರು.

ರೇಬಿಸ್ ಅನುಮಾನ ಇದ್ದರೆ ಮುಟ್ಟದೆ ಬೇರೆ ಇಡುತ್ತೇವೆ. ಕಚ್ಚಿದ ನಾಯಿಯನ್ನು ಹತ್ತು ದಿನ ನೋಡಬೇಕು, ಆದರೆ ಕಚ್ಚಿಸಿಕೊಂಡವರು ಹತ್ತು ದಿನ ಕಾಯಬಾರದು. ಹದಿನೈದು ನಿಮಿಷ ಸೋಪು ಹಚ್ಚಿ ನಲ್ಲಿ ನೀರಲ್ಲಿ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಖಾರದಪುಡಿ ಯಾವುದೂ ಬೇಡ. ಶಾಲೆಯಲ್ಲಿ ಇದನ್ನೊಂದು ಮಕ್ಕಳಿಗೆ ಹೇಳಿಬಿಡಿ.

ಪ್ರಶ್ನೆ: ಮಳೆಯಲ್ಲಿ ಕಣ್ಣೂ ಬಿಡದ ಬೆಕ್ಕಿನ ಮರಿ ಸಿಕ್ಕಿತು. ಹಸುವಿನ ಹಾಲು ಕುಡಿಸಿದೆವು, ಭೇದಿ ಆಗುತ್ತಿದೆ. ಜ್ವರದ ಗುಳಿಗೆ ಅರ್ಧ ಕೊಡಬಹುದಾ? ಶೆಲ್ಟರ್‌ಗೆ ತರಲಾ?
(ಕಾಲೇಜು ವಿದ್ಯಾರ್ಥಿನಿ, ಬೀದರ್)

ಉತ್ತರ: ಗುಳಿಗೆ ಖಂಡಿತ ಬೇಡ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ದೊಡ್ಡ ಬೆಕ್ಕಿಗೂ ಅಷ್ಟೇ. ಹಸುವಿನ ಹಾಲು ನಿಲ್ಲಿಸಿ, ಬೆಕ್ಕಿನ ಮರಿಗಂತಲೇ ಸಿಗುವ ಹಾಲಿನ ಪುಡಿ ತನ್ನಿ. ಮೈ ತಣ್ಣಗಿದ್ದರೆ ಮೊದಲು ಬೆಚ್ಚಗೆ ಮಾಡಿ, ಆಮೇಲೆ ಹಾಲು. ಕೂಸಿನ ಹಾಗೆ ಅಂಗಾತ ಮಲಗಿಸಿ ಕುಡಿಸಬೇಡಿ, ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟೆ ಕೆಳಗೆ ಮಾಡಿ ಕುಡಿಸಿ. ಕುಡಿದ ಮೇಲೆ ಒದ್ದೆ ಹತ್ತಿಯಿಂದ ಹಿಂಭಾಗ ಒರೆಸಿ, ಇಲ್ಲದಿದ್ದರೆ ಉಚ್ಚೆ ಹೊಯ್ಯಲು ಅದಕ್ಕೆ ಬರುವುದಿಲ್ಲ.

ಕಲಬುರಗಿವರೆಗೆ ಬಸ್ಸಿನಲ್ಲಿ ತರಬೇಡಿ, ದಾರಿಯಲ್ಲೇ ಸೋತುಹೋಗುತ್ತದೆ. ನಿಮ್ಮೂರಿನ ನಂದಿನಗರದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ, ಅಲ್ಲಿಗೆ ಇವತ್ತೇ ಒಯ್ಯಿರಿ. ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಪಕ್ಕಕ್ಕಿಟ್ಟು.