ವಯೋಮಿಂಗ್ ಬಯಲಿನ ಬೇಟೆಗೆ ಗೈಡ್ ಬೇಕೇ?

ಅಮೆರಿಕದಲ್ಲಿ ಎಚ್-1ಬಿ ಕೆಲಸದ ವೀಸಾದಲ್ಲಿದ್ದೀರಿ, ವಯೋಮಿಂಗ್ ರಾಜ್ಯದಲ್ಲಿ ಮ್ಯೂಲ್ ಡೀರ್ (ಅಗಲ ಕಿವಿಯ ಜಿಂಕೆ), ಪ್ರಾಂಗ್‌ಹಾರ್ನ್ (ಹುಲ್ಲೆಯಂಥ ಬಯಲು ಪ್ರಾಣಿ) ಎರಡನ್ನೂ ಬೇಟೆಯಾಡಬಹುದೇ, ಗೈಡ್ ಬೇಕೇ ಎಂದು ಕೇಳಿದ್ದೀರಿ.

ಆಡಬಹುದು. ನಿಮ್ಮ ವೀಸಾದವರು ಬಂದೂಕು ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ತಡೆಯುತ್ತದೆ. ಆದರೆ ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಅದು ಕೈಸೇರುವವರೆಗೆ ದಯವಿಟ್ಟು ಗುರಿ ಅಭ್ಯಾಸಕ್ಕೂ ರೈಫಲ್ ಮುಟ್ಟಬೇಡಿ. ಎರಡೂ ಪ್ರಾಣಿಗೆ ಬೇರೆ ಬೇರೆ ಅರ್ಜಿ, ಹಂಚಿಕೆ ಲಾಟರಿಯಲ್ಲಿ. 1966ರ ಜನವರಿ 1ರಿಂದೀಚೆಗೆ ಹುಟ್ಟಿದವರಿಗೆ ಬೇಟೆ ಸುರಕ್ಷತಾ ತರಬೇತಿಯ ಪ್ರಮಾಣಪತ್ರವೂ ಬೇಕು.

ಹೊರರಾಜ್ಯದವರಿಗೆ ಗೈಡ್ ಕಡ್ಡಾಯವಿರುವುದು ಫೆಡರಲ್ ವೈಲ್ಡರ್‌ನೆಸ್ ಪ್ರದೇಶಗಳಲ್ಲಿ (ಕೇಂದ್ರ ಸರ್ಕಾರ ಕಾಡಾಗಿಯೇ ಕಾಯ್ದಿಟ್ಟ ಜಾಗಗಳಲ್ಲಿ) ಮಾತ್ರ. ಆದರೂ ಮೊದಲ ಸಲ ಕರೆದುಕೊಂಡೇ ಹೋಗಿ. ಬಯಲಿನಲ್ಲಿ ಸರ್ಕಾರಿ ಜಮೀನು, ಖಾಸಗಿ ರ‍್ಯಾಂಚ್ (ದನ ಸಾಕುವ ದೊಡ್ಡ ಜಮೀನು) ಚದುರಂಗದ ಮನೆಗಳಂತೆ ಬೆರೆತಿವೆ. ಒಳ್ಳೆಯ ಗೈಡ್ ಬಳಿ ರ‍್ಯಾಂಚಿನವರ ಅನುಮತಿ ಇರುತ್ತದೆ.

ಪ್ರಾಂಗ್‌ಹಾರ್ನ್‌ನ ಕಣ್ಣು ಬಹಳ ಚುರುಕು. ದಿಬ್ಬದ ಮೇಲೆ ತಲೆ ಎತ್ತಿದರೆ ಮುಗಿಯಿತು, ಇಡೀ ಹಿಂಡು ಓಟ ಕೀಳುತ್ತದೆ. ಮೊಣಕಾಲ ಎತ್ತರದ ಸೇಜ್‌ಬ್ರಷ್ ಪೊದೆಗಳ ಮರೆಯಲ್ಲಿ ತೆವಳಬೇಕು. ನೆಲದಲ್ಲಿ ಪಾಪಸುಕಳ್ಳಿ ಇರುತ್ತದೆ, ಮೊಣಕಾಲಿಗೆ ಪ್ಯಾಡ್, ಕೈಗೆ ದಪ್ಪ ಗ್ಲೌಸ್ ಮರೆಯಬೇಡಿ. ಮ್ಯೂಲ್ ಡೀರ್ ಹಗಲು ಕೊರಕಲುಗಳ ನೆರಳಲ್ಲಿ ಮಲಗಿರುತ್ತದೆ. ಬೈನಾಕ್ಯುಲರ್‌ನಲ್ಲಿ ಎಷ್ಟೋ ಸಲ ಮೊದಲು ಕಾಣುವುದು ಅಲುಗುವ ಅಗಲ ಕಿವಿ ಮಾತ್ರ.

ಮಾಂಸದ ವಿಷಯಕ್ಕೆ ಬೆಲೆ ಕೊಡಿ. ಸೆಪ್ಟೆಂಬರ್ ಬಿಸಿಲಿಗೆ ಬೇಗ ಕೆಡುತ್ತದೆ, ಕೂಡಲೇ ಚರ್ಮ ಸುಲಿದು ಐಸ್‌ನಲ್ಲಿಡಿ. ಮ್ಯೂಲ್ ಡೀರ್‌ಗಳಲ್ಲಿ ಸಿಡಬ್ಲ್ಯೂಡಿ ಎಂಬ ಮಾರಕ ರೋಗವಿದೆ; ಪರೀಕ್ಷೆಯ ಫಲಿತಾಂಶ ಬರುವವರೆಗೆ ತಿನ್ನಬೇಡಿ.