ಹಂತ ನಾಲ್ಕರ ಕೆಳಗಿನ ಸೂಚನೆ

ಪ್ರಶ್ನೆ: ಭೌತಶಾಸ್ತ್ರ ಓದಿ ಮೂರು ವರ್ಷ ಪಾಠ ಹೇಳಿದ್ದೇನೆ. ಯಂತ್ರ, ತಂತ್ರಾಂಶಗಳ ಕೈಪಿಡಿ ಬರೆಯುವ ಟೆಕ್ನಿಕಲ್ ರೈಟರ್ ಆಗಬೇಕೆಂಬ ಆಸೆ. ಹೋದಲ್ಲೆಲ್ಲ ಅನುಭವ ಕೇಳುತ್ತಾರೆ, ಮಾದರಿ ಬರಹ ಕೇಳುತ್ತಾರೆ. ಕೆಲಸವನ್ನೇ ಕೊಡದಿದ್ದರೆ ಇವನ್ನೆಲ್ಲಿಂದ ತರಲಿ? ಅಲ್ಲದೆ, ಇನ್ನು ಮುಂದೆ ಇದನ್ನೆಲ್ಲ ಎಐ ಬರೆಯುತ್ತದಂತೆ, ನಿಜವೇ?

ಉತ್ತರ: ಅನುಭವವನ್ನು ನಾನು ಕೊಡಿಸಲಾರೆ. ಮಾದರಿಗೆ ಮಾತ್ರ ಯಾರ ಅಪ್ಪಣೆಯೂ ಬೇಕಿಲ್ಲ. ಯಾರು ಬೇಕಾದರೂ ನೋಡಿ ತಿದ್ದಬಹುದಾದ ಯಾವುದಾದರೂ ಮುಕ್ತ ತಂತ್ರಾಂಶ ಆರಿಸಿಕೊಂಡು, ಅದನ್ನು ಅಳವಡಿಸುವ ವಿಧಾನ ಹೇಳುವ ಪುಟ ತೆರೆಯಿರಿ. ಅಲ್ಲಿ ಬರೆದಂತೆಯೇ ಮಾಡುತ್ತಾ ಹೋಗಿ, ನಿಮ್ಮ ಜಾಣತನ ಬಳಸಬೇಡಿ. ಎಲ್ಲೋ ಒಂದು ಕಡೆ ಖಂಡಿತ ಮುಗ್ಗರಿಸುತ್ತೀರಿ. ಆ ಜಾಗವನ್ನು ತಿದ್ದಿ, ಕಡತಗಳ ಬದಲಾವಣೆ ದಾಖಲಿಸುವ ಗಿಟ್ ಎಂಬ ಸಾಧನದ ಮೂಲಕ ಅದನ್ನು ರೂಪಿಸಿದವರಿಗೇ ಕಳಿಸಿ. ಒಪ್ಪಿದರೆ ಸಂತೋಷ. ಒಪ್ಪದೆ ತಪ್ಪು ತೋರಿಸಿದರೆ ಆ ಮಾತುಕತೆಯನ್ನೂ ಸಂದರ್ಶನಕ್ಕೆ ಕೊಂಡೊಯ್ಯಿರಿ. ಟೀಕೆಗೆ ನೀವು ಹೇಗೆ ಉತ್ತರಿಸುತ್ತೀರಿ ಎಂಬುದನ್ನು ನನ್ನಂಥವರು ಬರಹಕ್ಕಿಂತ ಹೆಚ್ಚು ಗಮನಿಸುತ್ತೇವೆ.

ಸಂದರ್ಶನಕ್ಕೆ ಬಂದವರಿಗೆಲ್ಲ ನಾನು ಒಂದು ತುಣುಕು ಓದಲು ಕೊಡುತ್ತಿದ್ದೆ: 'ಹಂತ 3: ಹಿಂಬದಿಯ ಮುಚ್ಚಳ ತೆಗೆಯಿರಿ. ಹಂತ 4: ಕೆಂಪು ತಂತಿಯನ್ನು ಕಳಚಿ. ಸೂಚನೆ: ಇದಕ್ಕೆ ಮೊದಲು ವಿದ್ಯುತ್ ಸಂಪರ್ಕ ತಪ್ಪಿಸಿರಬೇಕು.' ಹಲವರು ಅಲ್ಪವಿರಾಮ ತಿದ್ದಿದರು, 'ಕಳಚಿ' ಸರಿಯೋ 'ಬಿಚ್ಚಿ' ಸರಿಯೋ ಎಂದು ಚರ್ಚಿಸಿದರು. ಒಬ್ಬಾಕೆ ಮಾತ್ರ ಕಾಗದ ಕೆಳಗಿಟ್ಟು, "ಸೂಚನೆ ಓದುವಷ್ಟರಲ್ಲಿ ರಿಪೇರಿ ಮಾಡುವವನ ಕೈ ತಂತಿಯ ಮೇಲಿರುತ್ತದಲ್ಲ!" ಎಂದಳು. ಉಳಿದ ಪ್ರಶ್ನೆಗಳನ್ನು ನಾನು ಶಾಸ್ತ್ರಕ್ಕೆ ಕೇಳಿದೆ.

ವಿಮಾನಗಳ ದುರಸ್ತಿ ಕೈಪಿಡಿಗಳಿಗೆಂದು ರೂಪಿಸಿದ ಎಎಸ್‌ಡಿ-ಎಸ್‌ಟಿಇ100 ಎಂಬ ಸರಳ ಇಂಗ್ಲಿಷಿನ ನಿಯಮಾವಳಿ ಇದೆ. ಮಾಡಬೇಕಾದ ಕೆಲಸ ಹೇಳುವ ವಾಕ್ಯ ಅದರಲ್ಲಿ 20 ಪದ ಮೀರುವಂತಿಲ್ಲ. ಒಂದು ವಾರ ಹಾಗೆ ಬರೆದು ನೋಡಿ. ಪಾಠ ಹೇಳಿದವರಿಗೆ ಮೊದಮೊದಲು ಉಸಿರು ಕಟ್ಟುತ್ತದೆ. ಸರಳ ಚಿಹ್ನೆಗಳಿಂದ ಶೀರ್ಷಿಕೆ, ಪಟ್ಟಿಗಳನ್ನು ಗುರುತಿಸುವ ಮಾರ್ಕ್‌ಡೌನ್ ಎಂಬ ಬರೆಯುವ ವಿಧಾನ ಒಂದು ಮಧ್ಯಾಹ್ನದಲ್ಲಿ ಕೈಗೆ ಹತ್ತುತ್ತದೆ. ಕೈಪಿಡಿಯನ್ನು ತುಣುಕುಗಳಾಗಿ ಬರೆದು ಜೋಡಿಸುವ ಡಿಐಟಿಎ ಎಂಬ ಪದ್ಧತಿಯನ್ನು ಅದು ಬೇಕೆನ್ನುವ ಕಂಪನಿ ಸಿಕ್ಕಾಗ ಕಲಿತರಾಯಿತು.

ಎಐ ವಿಷಯ: ಎಂಜಿನಿಯರ್ ಕೊಟ್ಟ ಟಿಪ್ಪಣಿಯ ವ್ಯಾಕರಣ ತಿದ್ದುವುದಷ್ಟೇ ಈ ಕೆಲಸ ಎಂದುಕೊಂಡಿದ್ದರೆ ಬೇರೆ ದಾರಿ ನೋಡಿ, ಆ ಕೆಲಸ ಆಗಲೇ ಕೈತಪ್ಪುತ್ತಿದೆ. ಆದರೆ ಎಐ ಮುಚ್ಚಳ ತೆಗೆದು ನೋಡಿಲ್ಲ. ಟಿಪ್ಪಣಿಯಲ್ಲಿಲ್ಲದ್ದು ಬೇಕಾದಾಗ ತನ್ನದೇ ಒಂದನ್ನು ಸೇರಿಸಿ, ನುಣುಪಾಗಿ ಬರೆದುಕೊಡುವುದೂ ಉಂಟು.

ಪ್ರಶ್ನೆ: ಕೆಲಸಕ್ಕೆ ಸೇರಿ ಆರು ತಿಂಗಳು. ಎಂಜಿನಿಯರ್‌ಗಳು ನನ್ನ ಪ್ರಶ್ನೆಗೆ ಉತ್ತರವನ್ನೇ ಕೊಡುವುದಿಲ್ಲ. ಉದ್ಯೋಗ ಕಡಿತವಾದರೆ ಮೊದಲ ಹೆಸರು ನನ್ನದೇ ಎಂಬ ಭಯ.

ಉತ್ತರ: 'ಇದನ್ನು ಸ್ವಲ್ಪ ವಿವರಿಸುತ್ತೀರಾ' ಎಂದು ಕೇಳಿರುತ್ತೀರಿ. ಕೇಳಬೇಡಿ. ತಿಳಿದಷ್ಟರಲ್ಲಿ ಕರಡು ಬರೆದು, ಅನುಮಾನವಿರುವಲ್ಲಿ ಗುರುತು ಹಾಕಿ ಮುಂದಿಡಿ. ವಿವರಿಸಲು ಪುರುಸೊತ್ತಿಲ್ಲದವರಿಗೂ ತಪ್ಪು ಹಿಡಿಯಲು ಪುರುಸೊತ್ತು ಸಿಗುತ್ತದೆ!

ನನ್ನ ಮೊದಲ ಕೆಲಸದಲ್ಲಿ ಎಂಜಿನಿಯರ್ ಕೊಟ್ಟ ಕೋಷ್ಟಕದಲ್ಲಿ 'ಕಾಯುವ ಅವಧಿ: 30' ಎಂದಷ್ಟೇ ಇತ್ತು. ಕೇಳಲು ಸಂಕೋಚವಾಗಿ 'ಸೆಕೆಂಡು' ಎಂದು ನಾನೇ ಸೇರಿಸಿದೆ. ಅದು ನಿಮಿಷವಾಗಿತ್ತು. ಯಂತ್ರ ಕೆಟ್ಟಿದೆಯೆಂದು ಗ್ರಾಹಕರು ವಾರಗಟ್ಟಲೆ ಫೋನ್ ಮಾಡಿದರು, ಸಹಾಯವಾಣಿಯವರು ನನ್ನ ಹೆಸರು ಹಿಡಿದು ಶಪಿಸಿದರು. ನಾಚಿಕೆ ಬಿಟ್ಟು ಅವರ ಬಳಿಗೇ ಹೋಗಿ ಕುಳಿತೆ. ಆಮೇಲೆ ಪ್ರತಿ ಶುಕ್ರವಾರ ಅವರ ದೂರಿನ ಪಟ್ಟಿ ಓದುವುದು ರೂಢಿಯಾಯಿತು. ಮುಂದೆ ಎರಡು ಸಲ ಕಡಿತದ ಮಾತು ಬಂದಾಗ ನನ್ನ ಪರ ನಿಂತವರು ಅವರೇ ಹೊರತು ಎಂಜಿನಿಯರ್‌ಗಳಲ್ಲ.

ನೀವೂ ಆ ಪಟ್ಟಿ ಕೇಳಿ ಪಡೆಯಿರಿ. ಒಂದೇ ದೂರು ಮೂರು ಸಲ ಕಂಡರೆ ಅದಕ್ಕೆ ಸಂಬಂಧಿಸಿದ ಪುಟ ತಿದ್ದಿ. ತಿದ್ದಿದ ದಿನಾಂಕ, ಆಮೇಲೆ ಅದೇ ದೂರು ಎಷ್ಟು ಸಲ ಬಂತು, ಎರಡನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ವರ್ಷದ ಕೊನೆಯ ಮೌಲ್ಯಮಾಪನಕ್ಕೆ ಹೋಗುವಾಗ ಆ ಪುಸ್ತಕ ಕೈಯಲ್ಲಿರಲಿ.