ಸಂಶೋಧನೆಯ ಹಣಕ್ಕೂ ಸಿಗರೇಟಿಗೂ ಏನು ಸಂಬಂಧ?

ಪ್ರಶ್ನೆ: ಮಗ ಅಮೆರಿಕದ ಟೆಕ್ಸಸ್‌ನಲ್ಲಿ ಕ್ಯಾನ್ಸರ್ ಸಂಶೋಧಕ. ಲ್ಯಾಬಿನ ಒಳಗಲ್ಲ, ಹೊರಗಿನ ಪಾರ್ಕಿಂಗ್ ಜಾಗದಲ್ಲಿ ಸಿಗರೇಟು ಸೇದಿದ್ದಕ್ಕೇ ಎಚ್ಚರಿಕೆ ಕೊಟ್ಟರಂತೆ. ‘ಅನುದಾನದ ಷರತ್ತು’ ಅಂದರಂತೆ. ಕೆಲಸದ ಹಣಕ್ಕೂ ಖಾಸಗಿ ಚಟಕ್ಕೂ ಗಂಟು ಹಾಕುವುದು ನ್ಯಾಯವೇ?

ಉತ್ತರ: ನ್ಯಾಯವೇ ಅಮ್ಮಾ. ಆ ಹಣ ಎಲ್ಲಿಂದ ಬಂತು ನೋಡಿ. 2007ರಲ್ಲಿ ಟೆಕ್ಸಸ್‌ನ ಮತದಾರರು ಕ್ಯಾನ್ಸರ್ ತಡೆಗೆ, ಸಂಶೋಧನೆಗೆ ಅಂತಲೇ 300 ಕೋಟಿ ಡಾಲರ್ ಸಾಲ ಎತ್ತಲು ವೋಟು ಹಾಕಿ ಒಪ್ಪಿದರು. 2019ರಲ್ಲಿ ಇನ್ನೊಂದು 300 ಕೋಟಿಗೆ ಹೂಂ ಅಂದರು. ಅದನ್ನು ಹಂಚುವ ಸಿಪ್ರಿಟ್ ಎಂಬ ಸರ್ಕಾರಿ ಸಂಸ್ಥೆ 2012ರಲ್ಲಿ ಈ ಷರತ್ತು ತಂದಿತು. ಕ್ಯಾನ್ಸರ್ ತಡೆಯಿರಿ ಎಂದು ಜನ ಕೊಟ್ಟ ದುಡ್ಡು ಪಡೆದ ಕಟ್ಟಡದ ಬಾಗಿಲಲ್ಲೇ ಹೊಗೆ ಏಳಬಾರದು ಎನ್ನುವುದು ಅತಿಯಾದ ಬೇಡಿಕೆಯಲ್ಲ.

ನಿಯಮದಲ್ಲಿ ಪಾರ್ಕಿಂಗ್ ಜಾಗ, ಪಕ್ಕದ ಕಾಲುದಾರಿ ಸ್ಪಷ್ಟವಾಗಿ ಬರೆದಿವೆ. ಹುಕ್ಕಾ, ಇ-ಸಿಗರೇಟು, ಜಗಿಯುವ ತಂಬಾಕು, ಕೊನೆಗೆ ಬೀಡಿಯ ಹೆಸರೂ ಇದೆ. ಬಂದುಹೋಗುವವರಿಗೂ ಇದು ಅನ್ವಯ. ಆದರೆ ನಿಮ್ಮ ಮಗ ಮನೆಯಲ್ಲಿ ಏನು ಮಾಡುತ್ತಾನೆಂದು ಅದು ಕೇಳುವುದಿಲ್ಲ. ಕಟ್ಟುಪಾಡು ಜಾಗಕ್ಕೆ, ಮನುಷ್ಯನಿಗಲ್ಲ.

ಶ್ವಾಸಕೋಶದ ವೈದ್ಯೆಯಾಗಿ ನನಗೆ ಮುಖ್ಯ ಅನ್ನಿಸುವುದು, ಜನ ಅಷ್ಟಾಗಿ ಓದದ ಇನ್ನೊಂದು ಅಂಶ: ಬಿಡಲು ಬಯಸುವ ನೌಕರರಿಗೆ ಸಂಸ್ಥೆ ಸಾಧ್ಯವಿದ್ದಲ್ಲೆಲ್ಲ ನೆರವು ಒದಗಿಸಬೇಕು, ಇಲ್ಲವೇ ನೆರವು ಸಿಗುವ ಕಡೆಗೆ ಕಳಿಸಬೇಕು. ಇದಿಲ್ಲದ ನಿಷೇಧ ಬರೀ ಬೋರ್ಡು. ಅಂಥ ಕ್ಯಾಂಪಸ್ಸಿನ ಗೇಟು ದಾಟಿ ನೋಡಿ, ಕಾಂಪೌಂಡಿನ ಆಚೆ ಬದಿಯಲ್ಲಿ ಸಿಗರೇಟು ತುಂಡುಗಳ ರಾಶಿ ಇರುತ್ತದೆ. ರಕ್ತದಲ್ಲಿನ ನಿಕೋಟಿನ್ ಸುಮಾರು ಎರಡು ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. ಇಡೀ ದಿನ ಲ್ಯಾಬಿನಲ್ಲಿ ನಿಲ್ಲುವ ಹುಡುಗನಿಗೆ ಮಧ್ಯಾಹ್ನದ ಹೊತ್ತಿಗೆ ಕೈ ಚಡಪಡಿಸುತ್ತದೆ, ಸಿಡುಕು ಬರುತ್ತದೆ, ಗಮನ ನಿಲ್ಲುವುದಿಲ್ಲ. ಅವನಿಗೆ ಬರೀ ‘ಸೇದಬೇಡ’ ಅಂದು ಕಳಿಸುವುದು ಕ್ರೌರ್ಯ.

ಆದ್ದರಿಂದ ಬೈಯಬೇಡಿ. ಷರತ್ತಿನಲ್ಲಿರುವ ಆ ನೆರವನ್ನು ವಿಶ್ವವಿದ್ಯಾಲಯದಲ್ಲಿ ಕೇಳಿ ಪಡೆಯಲು ಹೇಳಿ. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚು ದಿನವಿಡೀ ನಿಧಾನವಾಗಿ ಕೆಲಸ ಮಾಡುತ್ತದೆ, ತಟ್ಟನೆ ಆಸೆ ಎದ್ದಾಗ ಜಗಿಯುವ ನಿಕೋಟಿನ್ ಗಮ್ಮು. ಒಂದನ್ನೇ ಬಳಸುವುದಕ್ಕಿಂತ ಎರಡೂ ಸೇರಿದರೆ ಫಲ ಹೆಚ್ಚು. ವೈದ್ಯರು ಒಪ್ಪಿದರೆ ಸಿಗರೇಟು ಬಿಡಲು ನೆರವಾಗುವ ವರೆನಿಕ್ಲಿನ್ ಮಾತ್ರೆಯೂ ಇದೆ. ಮೊದಲ ವಾರವೇ ತೀರಾ ಕಷ್ಟ. ಆ ವಾರ ದಿನಾ ಫೋನು ಮಾಡಿ, ಆದರೆ ಸಿಗರೇಟಿನ ಮಾತು ಅವನಾಗಿ ಎತ್ತುವವರೆಗೆ ನೀವು ಎತ್ತಬೇಡಿ.